ಬಿಡುವಿಗೆ ಹಣ ಇರುತ್ತದೆ, ನಿಮ್ಮ ಹೆಸರಲ್ಲಿ ಮಾತ್ರ ಇರುವುದಿಲ್ಲ

ಹಾಸಿಗೆ ಹಿಡಿದ ತಾಯಿ, ಮರೆವಿನ ಕಾಯಿಲೆ ಇರುವ ಗಂಡ, ಒಂದು ಗಳಿಗೆಯೂ ಒಂಟಿಯಾಗಿ ಬಿಡಲಾಗದ ಮಗು. ಇಂಥವರನ್ನು ವರ್ಷಗಟ್ಟಲೆ ನೋಡಿಕೊಂಡವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ನಾಲ್ಕು ದಿನ ಬೇರೆ ಯಾರಾದರೂ ನೋಡಿಕೊಳ್ಳುವಂತಿದ್ದರೆ, ಅದರ ಖರ್ಚಿಗೆ ಎಲ್ಲಿಂದಾದರೂ ಸಹಾಯ ಸಿಗುತ್ತಾ? ಕಚೇರಿಯಿಂದಲೋ ವಿಮೆಯವರಿಂದಲೋ ಬರುವ ಮೊದಲ ಉತ್ತರ ಸಾಮಾನ್ಯವಾಗಿ ‘ಇಲ್ಲ’. ಕೇಳಿದವರು ಅಲ್ಲಿಗೇ ಸುಮ್ಮನಾಗುತ್ತಾರೆ. ಮತ್ತೆ ಕೇಳಲು ಅವರಲ್ಲಿ ಶಕ್ತಿ ಉಳಿದಿರುವುದಿಲ್ಲ.

ಆದರೆ ಆ ‘ಇಲ್ಲ’ ಬಹಳ ಸಲ ಪೂರ್ತಿ ನಿಜವಲ್ಲ. ‘ನನಗೆ ಏನು ಸಿಗುತ್ತದೆ’ ಅಂತ ಕೇಳಿದರೆ ಉತ್ತರ ಇಲ್ಲ. ‘ನಾನು ನೋಡಿಕೊಳ್ಳುತ್ತಿರುವವರ ಹೆಸರಲ್ಲಿ ಏನಿದೆ, ಅದರಲ್ಲಿ ನನ್ನ ಬಿಡುವೂ ಸೇರಿದೆಯಾ’ ಅಂತ ಕೇಳಿದರೆ ಉತ್ತರ ಬದಲಾಗಬಹುದು. ಹೆಚ್ಚಿನ ದೇಶಗಳಲ್ಲಿ ಬಿಡುವಿನ ಹಣ ನೋಡಿಕೊಳ್ಳುವವರ ಹೆಸರಲ್ಲಿ ಇಲ್ಲ. ಅದು ಕಾಯಿಲೆಯ ಹೆಸರಲ್ಲಿ, ವಯಸ್ಸಿನ ಹೆಸರಲ್ಲಿ, ಅಂಗವೈಕಲ್ಯದ ಹೆಸರಲ್ಲಿ, ವಿಮೆಯ ಯಾವುದೋ ಕಲಮಿನ ಕೆಳಗೆ ಇರುತ್ತದೆ. ಈ ಒಂದು ವಿಷಯ ಗೊತ್ತಾದರೆ ಅಲೆದಾಟ ಅರ್ಧ ಕಡಿಮೆಯಾಗುತ್ತದೆ.

ಬಿಡುವಿನ ಆರೈಕೆ, ಅಂದರೆ ರೆಸ್ಪೈಟ್ ಕೇರ್, ಒಂದೇ ಥರ ಇರುವುದಿಲ್ಲ. ವಾರಕ್ಕೆ ಕೆಲವು ಗಂಟೆ ಮನೆಗೆ ಬಂದು ಕೂರುವ ಸಹಾಯಕಿ ಇರಬಹುದು. ಹಗಲು ಹೊತ್ತು ಕರೆದುಕೊಂಡು ಹೋಗಿ ಸಂಜೆ ವಾಪಸ್ ಬಿಡುವ ಡೇ ಕೇರ್ ಇರಬಹುದು. ಆರೈಕೆ ಮನೆಯಲ್ಲಿ ಒಂದೆರಡು ವಾರ ಇಟ್ಟುಕೊಳ್ಳುವ ವ್ಯವಸ್ಥೆಯೂ ಇದೆ. ಮಕ್ಕಳ ವಿಷಯದಲ್ಲಿ ಹಾಸ್ಪೈಸ್ ಎಂಬ ಹೆಸರು ಕೇಳಿದರೆ ತಂದೆತಾಯಿ ಗಾಬರಿಯಾಗುತ್ತಾರೆ, ಅದು ಕೊನೆಯ ದಿನಗಳ ಜಾಗ ಅಂದುಕೊಂಡು. ಆದರೆ 1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಶುರುವಾದ ಹೆಲೆನ್ ಹೌಸ್, ಜಗತ್ತಿನ ಮೊದಲ ಮಕ್ಕಳ ಹಾಸ್ಪೈಸ್, ಹುಟ್ಟಿದ್ದೇ ಕುಟುಂಬಗಳಿಗೆ ಆಗಾಗ ಬಿಡುವು ಕೊಡುವ ಯೋಚನೆಯಿಂದ. ಇಂದಿಗೂ ಇಂಥ ಅನೇಕ ಕಡೆ ಮಗುವನ್ನು ಕೆಲವು ದಿನ ಬಿಟ್ಟು, ಅಥವಾ ಮಗುವಿನ ಜೊತೆಗೇ ಉಳಿದು, ತಂದೆತಾಯಿ ಸುಧಾರಿಸಿಕೊಳ್ಳಬಹುದು. ಕೇಳದೇ ಇರುವುದರಿಂದಲೇ ಎಷ್ಟೋ ಮಂದಿಗೆ ಇದು ಸಿಗುವುದಿಲ್ಲ.

ಬೇಕು ಅನ್ನುವವರಿಗೂ ಪಡೆಯುವವರಿಗೂ ನಡುವೆ ಎಷ್ಟು ಅಂತರ ಇದೆ ಎಂಬುದಕ್ಕೆ ಅಮೆರಿಕದ ಒಂದು ಲೆಕ್ಕ ಇದೆ. ಹಿರಿಯರ ಪರ ಕೆಲಸ ಮಾಡುವ ಅಲ್ಲಿನ ಎಎಆರ್‌ಪಿ ಮತ್ತು ಮನೆಯಲ್ಲಿ ಆರೈಕೆ ಮಾಡುವವರ ಪರ ಕೆಲಸ ಮಾಡುವ ನ್ಯಾಷನಲ್ ಅಲಯನ್ಸ್ ಫಾರ್ ಕೇರ್‌ಗಿವಿಂಗ್ ಸಂಸ್ಥೆಗಳ 2020ರ ವರದಿಯಲ್ಲಿ, ಬಿಡುವಿನ ಸೇವೆ ಸಿಕ್ಕರೆ ಅನುಕೂಲವಾಗುತ್ತಿತ್ತು ಎಂದವರು ಶೇ. 38. ನಿಜವಾಗಿ ಬಳಸಿದವರು ಶೇ. 14 ಮಾತ್ರ. ಇವೇ ಸಂಸ್ಥೆಗಳ 2025ರ ವರದಿಯ ಪ್ರಕಾರ ಅಲ್ಲಿ ಮನೆಯವರನ್ನು ನೋಡಿಕೊಳ್ಳುತ್ತಿರುವವರು 6.3 ಕೋಟಿ ಜನ. ಇವರಲ್ಲಿ ಹೆಚ್ಚಿನವರ ದುಡಿಮೆಗೆ ಸಂಬಳ ಇಲ್ಲ, ರಜೆ ಇಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಅದೊಂದನ್ನೇ ತೆಗೆದುಕೊಳ್ಳಿ. 2019ರಲ್ಲಿ ಅದರಿಂದ ಜಗತ್ತಿಗೆ ಬಿದ್ದ ಹೊರೆ 1.3 ಲಕ್ಷ ಕೋಟಿ ಡಾಲರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಸುಮಾರು ಅರ್ಧ ಮನೆಯವರೇ ಮಾಡುವ ಆರೈಕೆಯ ಬೆಲೆ. ದಿನಕ್ಕೆ ಸರಾಸರಿ 5 ಗಂಟೆ ಅವರು ಇದಕ್ಕೆ ಕೊಡುತ್ತಾರೆ. ಆ ಗಂಟೆಗಳಲ್ಲಿ ಶೇ. 70ರಷ್ಟು ಹೆಂಗಸರವು.

ಹಣ ಯಾಕೆ ಬೇರೆಯವರ ಹೆಸರಲ್ಲಿದೆ

ಆರೋಗ್ಯದ ಯೋಜನೆಗಳನ್ನು ಕಟ್ಟಿದ್ದು ರೋಗಿಯನ್ನು ನಡುವೆ ಇಟ್ಟುಕೊಂಡು. ಮನೆಯವರು ಇದ್ದೇ ಇರುತ್ತಾರೆ, ನೋಡಿಕೊಳ್ಳುತ್ತಾರೆ ಎಂದು ಯೋಜನೆ ಬರೆದವರು ಅಂದುಕೊಂಡರು. ಹಾಗಾಗಿ ಮನೆಯವರಿಗೆ ಬೇರೆ ಖಾತೆಯನ್ನೇ ತೆರೆಯಲಿಲ್ಲ. ಮುಂದೆ ಅವರೂ ಕುಸಿಯುತ್ತಾರೆ ಎಂದು ಗೊತ್ತಾದಾಗ, ಇದ್ದ ಯೋಜನೆಗಳ ಒಳಗೇ ಬಿಡುವನ್ನು ತುರುಕಿದರು.

ಇಂಗ್ಲೆಂಡಿನ ಕಾನೂನಿನಲ್ಲಿ ಇದು ಎದ್ದು ಕಾಣುತ್ತದೆ. 2014ರ ಕೇರ್ ಆ್ಯಕ್ಟ್ ಪ್ರಕಾರ ಮನೆಯವರನ್ನು ನೋಡಿಕೊಳ್ಳುವ ಯಾರು ಬೇಕಾದರೂ ತಮ್ಮ ಪರಿಸ್ಥಿತಿಯನ್ನು ಪರಿಶೀಲಿಸಿ ಅಂತ ಸ್ಥಳೀಯ ಆಡಳಿತವನ್ನು ಕೇಳಬಹುದು. ಇಷ್ಟೇ ಗಂಟೆ ಆರೈಕೆ ಮಾಡುತ್ತಿರಬೇಕು ಎಂಬ ಷರತ್ತಿಲ್ಲ. ಬಹಳ ಒಳ್ಳೆಯ ಹಕ್ಕು. ಮಗಳೊಬ್ಬಳು ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ ಅಂದುಕೊಳ್ಳಿ. ಆದರೆ ಪರಿಶೀಲನೆ ಮುಗಿದು, ‘ಇವರಿಗೆ ಬಿಡುವು ಬೇಕು’ ಎಂದು ತೀರ್ಮಾನವಾದಾಗ, ಆ ಹೊತ್ತಿನಲ್ಲಿ ತಾಯಿಯನ್ನು ನೋಡಿಕೊಳ್ಳಲು ಬರುವ ಸಹಾಯಕಿಯ ಸೇವೆ ತಾಯಿಯ ಲೆಕ್ಕಕ್ಕೆ ಹೋಗುತ್ತದೆ. ಖರ್ಚಿನಲ್ಲಿ ಎಷ್ಟು ಕೈಯಿಂದ ಕೊಡಬೇಕು ಎಂಬುದು ತಾಯಿಯ ಆದಾಯ, ಉಳಿತಾಯ ನೋಡಿ ನಿಗದಿಯಾಗುತ್ತದೆ, ಮಗಳದ್ದನ್ನಲ್ಲ. ಬಿಡುವು ಮಗಳಿಗೆ, ಬಿಲ್ಲು ತಾಯಿಗೆ. ಇದು ಗೊತ್ತಿಲ್ಲದೆ ‘ನನಗೆ ಸಂಬಳ ಇದೆ, ನನಗೆಲ್ಲಿ ಕೊಡುತ್ತಾರೆ’ ಎಂದು ಮಗಳು ಅರ್ಜಿಯನ್ನೇ ಹಾಕದೆ ಇದ್ದುಬಿಡಬಹುದು.

ಇದಕ್ಕೆ ತಿರುಗಿ ನಿಂತ ದೇಶ ಐರ್ಲೆಂಡ್. ಅಲ್ಲಿ ಪೂರ್ಣಾವಧಿ ಆರೈಕೆ ಮಾಡುವವರಿಗೆ ವರ್ಷಕ್ಕೊಮ್ಮೆ, ಜೂನ್ ತಿಂಗಳ ಮೊದಲ ಗುರುವಾರ, ನೇರವಾಗಿ ಹಣ ಕೊಡುತ್ತಾರೆ. 2025ರಲ್ಲಿ ಅದು 2,000 ಯೂರೋ. ಆದಾಯ ಕೇಳುವುದಿಲ್ಲ. ಯಾವುದಕ್ಕೆ ಖರ್ಚು ಮಾಡಿದಿರಿ ಅಂತಲೂ ಕೇಳುವುದಿಲ್ಲ. ಆ ಹಣದಲ್ಲಿ ಎಷ್ಟು ದಿನದ ಸಹಾಯ ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ, ಜಾಸ್ತಿ ಏನೂ ಸಿಗಲಿಕ್ಕಿಲ್ಲ. ಆದರೂ ನೋಡಿಕೊಳ್ಳುವವರನ್ನು ಒಬ್ಬ ಮನುಷ್ಯರಾಗಿ ಕಂಡು, ಅವರ ಕೈಗೇ ಕೊಡುವ ಈ ಕ್ರಮ ನನಗೆ ಬಹಳ ಸರಿ ಅನಿಸುತ್ತದೆ.

ದೇಶಕ್ಕೊಂದು ದಾರಿ

ಜರ್ಮನಿಯದು ವಿಮೆಯ ದಾರಿ. 1995ರಿಂದ ಅಲ್ಲಿ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ಇದೆ. ಆರೈಕೆ ಬೇಕಾದವರನ್ನು 1ರಿಂದ 5ರವರೆಗೆ ಹಂತಗಳಲ್ಲಿ ಗುರುತಿಸುತ್ತಾರೆ. 2ನೇ ಹಂತ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿರುವವರ ಮನೆಯವರಿಗೆ ಬಿಡುವು ಬೇಕಾದಾಗ ಬದಲಿ ಆರೈಕೆಗೆ ವಿಮೆಯಿಂದ ಹಣ ಬರುತ್ತದೆ. ಮೊದಲು ಇದರಲ್ಲೇ ಎರಡು ಪ್ರತ್ಯೇಕ ಗಂಟುಗಳಿದ್ದವು. ಮನೆಗೆ ಬದಲಿ ಜನರನ್ನು ಕರೆಸಲು ಒಂದು, ಆರೈಕೆ ಮನೆಯಲ್ಲಿ ಕೆಲವು ದಿನ ಇರಿಸಲು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಎಷ್ಟು ವರ್ಗಾಯಿಸಬಹುದು ಎಂಬ ಲೆಕ್ಕ ಜನರ ತಲೆ ತಿನ್ನುತ್ತಿತ್ತು. 2025ರ ಜುಲೈ 1ರಿಂದ ಎರಡನ್ನೂ ಸೇರಿಸಿ ವರ್ಷಕ್ಕೆ 3,539 ಯೂರೋ ಎಂದು ಮಾಡಿದರು. ಅದನ್ನು ಹೇಗೆ ಬೇಕಾದರೂ ಹಂಚಿಕೊಂಡು ಬಳಸಬಹುದು. ಮೊದಲು, ಆರು ತಿಂಗಳು ಮನೆಯಲ್ಲಿ ಆರೈಕೆ ಮಾಡಿದ ಮೇಲಷ್ಟೇ ಬದಲಿ ಆರೈಕೆ ಕೇಳಬಹುದು ಎಂಬ ಷರತ್ತಿತ್ತು. ಅದನ್ನೂ ತೆಗೆದರು. ಆ ಷರತ್ತು ಹೋದದ್ದು ದೊಡ್ಡ ವಿಷಯ. ಆರೈಕೆಯ ಮೊದಲ ತಿಂಗಳುಗಳಲ್ಲೇ ಅಲ್ಲವೇ ಮನೆಯವರು ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಾಗುವುದು?

ಜರ್ಮನಿಯ ಇನ್ನೊಂದು ಕಲಮನ್ನು ಬೇರೆ ದೇಶದವರೂ ಗಮನಿಸಬೇಕು. ದಿನಕ್ಕೆ 8 ಗಂಟೆಗಿಂತ ಕಡಿಮೆ ಹೊತ್ತು ಬದಲಿ ಆರೈಕೆ ತೆಗೆದುಕೊಂಡರೆ ಅದು ವರ್ಷದ 8 ವಾರಗಳ ಮಿತಿಗೆ ಲೆಕ್ಕವಾಗುವುದಿಲ್ಲ. ಹಣದ ಮಿತಿಯಲ್ಲಿ ಮಾತ್ರ ಕಡಿತವಾಗುತ್ತದೆ. ಅಂದರೆ ರಜೆ ಹೋಗದವರೂ ವಾರಕ್ಕೊಂದು ಮಧ್ಯಾಹ್ನ ಎಂದು ವರ್ಷಪೂರ್ತಿ ಹರಡಿಕೊಳ್ಳಬಹುದು. ಅನೇಕರಿಗೆ ಬೇಕಿರುವುದು ಇದೇ.

ಜಪಾನಿನಲ್ಲೂ ಕಡ್ಡಾಯ ವಿಮೆ. 2000ನೇ ಇಸವಿಯಲ್ಲಿ ಶುರುವಾಯಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಆರೈಕೆ ಬೇಕಾದಾಗ ಕೇರ್ ಮ್ಯಾನೇಜರ್ ಒಬ್ಬರು ತಿಂಗಳ ಯೋಜನೆ ಬರೆಯುತ್ತಾರೆ. ಅದರಲ್ಲಿ ಡೇ ಕೇರ್, ಕೆಲವು ರಾತ್ರಿಗಳ ಶಾರ್ಟ್ ಸ್ಟೇ ಮೊದಲೇ ಸೇರಿಸಬಹುದು. ಖರ್ಚಿನ ಶೇ. 10ರಿಂದ 30ರಷ್ಟನ್ನು, ಆದಾಯಕ್ಕೆ ತಕ್ಕಂತೆ, ಸೇವೆ ಪಡೆಯುವವರು ಹಾಕಬೇಕು. ಇಲ್ಲಿ ಬಿಡುವು ಎನ್ನುವುದು ಕುಸಿದುಬಿದ್ದ ಮೇಲೆ ಕೇಳುವ ಸಹಾಯವಲ್ಲ, ತಿಂಗಳ ವೇಳಾಪಟ್ಟಿಯ ಒಂದು ಸಾಲು. ನನ್ನ ಮಟ್ಟಿಗೆ ಯಾವ ಮೊತ್ತಕ್ಕಿಂತಲೂ ಇದು ಮುಖ್ಯ.

ಆಸ್ಟ್ರೇಲಿಯಾದಲ್ಲಿ ಹಿರಿಯರನ್ನು ಆರೈಕೆ ಮನೆಯಲ್ಲಿ ವರ್ಷಕ್ಕೆ 63 ದಿನಗಳವರೆಗೆ ಸರ್ಕಾರದ ನೆರವಿನಲ್ಲಿ ಇರಿಸಬಹುದು. ಅಗತ್ಯ ಇದ್ದರೆ 21 ದಿನಗಳಂತೆ ಹೆಚ್ಚಿಸುತ್ತಾರೆ. ಅದಕ್ಕೆ ಮೊದಲು ಹಿರಿಯರ ಪರಿಶೀಲನೆ ಆಗಿರಬೇಕು. ಮತ್ತೆ ಅದೇ ಮಾತು ಬಂತು: ಬೀಗದ ಕೈ ಇರುವುದು ಆರೈಕೆ ಪಡೆಯುವವರ ಕಡತದಲ್ಲಿ. ಆದರೆ ಅಲ್ಲಿ ಕೇರರ್ ಗೇಟ್‌ವೇ ಎಂಬ ಒಂದೇ ಸಂಪರ್ಕ ಕೇಂದ್ರವೂ ಇದೆ, ಅದು ನೋಡಿಕೊಳ್ಳುವವರಿಗಾಗಿಯೇ ಇರುವುದು. ತುರ್ತಾಗಿ ಬದಲಿ ಆರೈಕೆ ಬೇಕಾದರೂ ಅಲ್ಲಿಗೇ ಕರೆ ಮಾಡಬಹುದು.

ಅಮೆರಿಕದ್ದು ಎಲ್ಲಕ್ಕಿಂತ ಚೂರುಚೂರಾದ ವ್ಯವಸ್ಥೆ. 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ, ಆದ್ದರಿಂದ ಬಿಡುವಿನ ಖರ್ಚನ್ನೂ ಅದು ಕೊಡುತ್ತದೆ ಎಂದು ಜನ ನಂಬಿರುತ್ತಾರೆ. ಸಾಮಾನ್ಯವಾಗಿ ಕೊಡುವುದಿಲ್ಲ. ರೋಗಿ ಕೊನೆಗಾಲದ ಹಾಸ್ಪೈಸ್ ಆರೈಕೆಯಲ್ಲಿದ್ದರೆ ಮಾತ್ರ ಒಂದು ಸಲಕ್ಕೆ 5 ದಿನಗಳವರೆಗೆ ಬೇರೆ ಕಡೆ ಇರಿಸಲು ಕೊಡುತ್ತದೆ. ಇದಕ್ಕೊಂದು ಹೊಸ ಅಪವಾದ ಗೈಡ್ ಎಂಬ ಪ್ರಯೋಗ. 2024ರ ಜುಲೈನಲ್ಲಿ ಶುರುವಾದ ಇದು 8 ವರ್ಷ ನಡೆಯಬೇಕಾದ ಯೋಜನೆ. ಡಿಮೆನ್ಷಿಯಾ ಇದ್ದು ಮನೆಯಲ್ಲೇ ಇರುವ, ಕಾಯಿಲೆ ಒಂದು ಮಟ್ಟ ದಾಟಿದ ಮೆಡಿಕೇರ್ ಸದಸ್ಯರ ಕುಟುಂಬಕ್ಕೆ ಬಿಡುವಿಗಾಗಿ ವರ್ಷಕ್ಕೆ 2,500 ಡಾಲರ್‌ವರೆಗೆ ಇದರಲ್ಲಿ ಸಿಗಬಹುದು. ಆದರೆ ರೋಗಿಯನ್ನು ನೋಡುವ ಸಂಸ್ಥೆ ಈ ಪ್ರಯೋಗದಲ್ಲಿ ಸೇರಿರಬೇಕು.

ಆದಾಯ ಕಡಿಮೆ ಇರುವವರ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಲ್ಲಿ 1981ರಿಂದ ವೇವರ್ ಎಂಬ ಏರ್ಪಾಡಿದೆ. ನರ್ಸಿಂಗ್ ಹೋಮಿಗೆ ಹೋಗಬೇಕಾದವರನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ಳಲು ರಾಜ್ಯಗಳು ಇದರಡಿ ಖರ್ಚು ಮಾಡಬಹುದು. ಬಿಡುವಿನ ಸೇವೆ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ತೊಂದರೆ ಏನೆಂದರೆ, ಎಷ್ಟು ಜನರಿಗೆ ಕೊಡಬೇಕು ಎಂಬ ಮಿತಿಯನ್ನು ರಾಜ್ಯಗಳು ಹಾಕಿಕೊಳ್ಳಬಹುದು. ಹಾಗಾಗಿ ಕಾಯುವ ಪಟ್ಟಿಗಳಲ್ಲಿ ಲಕ್ಷಗಟ್ಟಲೆ ಹೆಸರುಗಳಿವೆ, ವರ್ಷಗಟ್ಟಲೆ ಕಾಯುತ್ತವೆ. ಅಂಗವಿಕಲ ಮಕ್ಕಳಿಗಿರುವ ಅನೇಕ ವೇವರ್‌ಗಳಲ್ಲಿ ತಂದೆತಾಯಿಯ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ‘ನಾವು ಬಡವರಲ್ಲ, ನಮಗೆ ಅನ್ವಯವಾಗುವುದಿಲ್ಲ’ ಎಂದು ಪಟ್ಟಿಗೆ ಹೆಸರೇ ಕೊಡದ ತಂದೆತಾಯಿ ಇರುತ್ತಾರೆ. ಇನ್ನು 60 ದಾಟಿದವರನ್ನು, ಅಥವಾ ಯಾವ ವಯಸ್ಸಿನವರಾದರೂ ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವವರಿಗಾಗಿ 2000ರಲ್ಲಿ ಬಂದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದು ನಡೆಯುವುದು ಹಿರಿಯರ ಸ್ಥಳೀಯ ಏಜೆನ್ಸಿಗಳ ಮೂಲಕ. ಮಾಜಿ ಸೈನಿಕರ ಮನೆಯವರಿಗೆ ಮಾಜಿ ಸೈನಿಕರ ಇಲಾಖೆಯಿಂದಲೇ ವರ್ಷಕ್ಕೆ 30 ದಿನಗಳವರೆಗೆ ಸಿಗಬಹುದು. 2006ರ ಲೈಫ್‌ಸ್ಪ್ಯಾನ್ ರೆಸ್ಪೈಟ್ ಕೇರ್ ಕಾನೂನು ಇಷ್ಟೆಲ್ಲ ಚೂರುಗಳನ್ನು ಹೊಲಿಯಲೆಂದೇ ಬಂತು. ಅದರ ಹಣದಿಂದ ಕೆಲವು ರಾಜ್ಯಗಳು ಬೇರೆ ಯಾವ ಯೋಜನೆಗೂ ಸೇರದವರಿಗೆ ಸಣ್ಣ ಮೊತ್ತದ ವೋಚರ್ ಕೊಡುತ್ತವೆ.

ಭಾರತದಲ್ಲಿ ಕಾನೂನಿನ ಮಾತು ಇದೆ, ಸೇವೆ ತೀರಾ ತೆಳು. 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗಾಗಿ ಬಂದದ್ದು. ಅದರಡಿ ಸಮರ್ಥ್ ಎಂಬ ಬಿಡುವಿನ ವಸತಿ ಯೋಜನೆ ಇದೆ, ಅದನ್ನು ನಡೆಸುವುದು ನೋಂದಾಯಿತ ಸಂಸ್ಥೆಗಳು. ಹೆಚ್ಚು ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡಬೇಕು ಎಂಬ ಮಾತು 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಬಂದಿದೆ. ಮುಪ್ಪಿನಿಂದ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರ ಮನೆಯವರು ಈ ನ್ಯಾಷನಲ್ ಟ್ರಸ್ಟಿನ ಚೌಕಟ್ಟಿನ ಹೊರಗೇ ಉಳಿಯುತ್ತಾರೆ.

ಹುಡುಕಾಟ ಎಲ್ಲಿಂದ

ಆದ್ದರಿಂದ ಯಾವ ದೇಶದಲ್ಲೇ ಇರಲಿ, ಹುಡುಕಾಟವನ್ನು ನಿಮ್ಮಿಂದ ಶುರು ಮಾಡಬೇಡಿ. ನೀವು ನೋಡಿಕೊಳ್ಳುವವರಿಂದ ಶುರು ಮಾಡಿ. ಅವರ ವಯಸ್ಸಿನ ಮೇಲೆ ಒಂದು ಬಾಗಿಲು, ಕಾಯಿಲೆಯ ಹೆಸರಿನ ಮೇಲೆ ಇನ್ನೊಂದು, ಅಂಗವೈಕಲ್ಯದ ಪ್ರಮಾಣಪತ್ರದ ಮೇಲೆ ಮತ್ತೊಂದು ತೆರೆಯುತ್ತದೆ. ಹಿಂದೆ ಸೈನ್ಯದಲ್ಲೋ ಸರ್ಕಾರಿ ಕೆಲಸದಲ್ಲೋ ಇದ್ದರಾ ಎಂಬುದನ್ನು ಬಹಳ ಜನ ಮರೆತೇಬಿಡುತ್ತಾರೆ. ಅವರ ಹೆಸರಲ್ಲಿ ಯಾವ ಯಾವ ವಿಮೆ ಇದೆ, ಅದರಲ್ಲಿ ದೀರ್ಘಕಾಲದ ಆರೈಕೆಯ ಕಲಮು ಇದೆಯಾ ಎಂಬುದನ್ನು ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಂಡು ನೋಡಿ. ಕಾಯಿಲೆಯ ಹೆಸರಿನಲ್ಲಿ ಕೆಲಸ ಮಾಡುವ ಸಂಘಗಳು ಕೆಲವು ಕಡೆ ಬಿಡುವಿಗೆಂದೇ ಸಣ್ಣ ಅನುದಾನ ಕೊಡುತ್ತವೆ. ಅಲ್ಲಿ ಅರ್ಜಿ ಸರಳ, ಆದರೆ ವರ್ಷದ ಹಣ ಬೇಗ ಮುಗಿಯುತ್ತದೆ. ಯಾವ ತಿಂಗಳಲ್ಲಿ ಅರ್ಜಿ ತೆರೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಆಸ್ಪತ್ರೆಯ ಸೋಷಿಯಲ್ ವರ್ಕರ್ ಇದ್ದರೆ ಅವರನ್ನು ಬಿಡಬೇಡಿ. ಅವರನ್ನು ಹಿಡಿಯಲು ಸರಿಯಾದ ಹೊತ್ತು ಡಿಸ್ಚಾರ್ಜ್‌ಗೆ ಮುಂಚೆ. ರೋಗಿಯನ್ನು ಮನೆಗೆ ಕಳಿಸುವ ಅವಸರದಲ್ಲಿ ಆಸ್ಪತ್ರೆ ಇರುತ್ತದೆ, ನಿಮ್ಮ ಮಾತಿಗೆ ಆಗ ಇರುವ ತೂಕ ಮನೆಗೆ ಹೋದ ಮೇಲೆ ಇರುವುದಿಲ್ಲ. ‘ಮನೆಗೆ ಕರೆದುಕೊಂಡು ಹೋಗುತ್ತೇನೆ, ಆದರೆ ವಾರಕ್ಕೆ ಇಷ್ಟು ಗಂಟೆ ಬದಲಿ ಜನ ಬೇಕೇ ಬೇಕು, ಅದನ್ನು ಯಾವ ಯೋಜನೆಯಲ್ಲಿ ಕೇಳಬೇಕು ಬರೆದುಕೊಡಿ’ ಅನ್ನಿ.

ಕೇಳುವಾಗ ಸೇವೆಯ ಹೆಸರು ಬದಲಾಗಬಹುದು ಎಂಬುದೂ ನೆನಪಿರಲಿ. ಒಂದು ಕಡೆ ರೆಸ್ಪೈಟ್ ಅನ್ನುತ್ತಾರೆ, ಇನ್ನೊಂದು ಕಡೆ ಶಾರ್ಟ್ ಬ್ರೇಕ್, ಬದಲಿ ಆರೈಕೆ, ಡೇ ಕೇರ್, ಸಿಟಿಂಗ್ ಸರ್ವಿಸ್. ಫೋನ್ ಎತ್ತಿದವರು ತಮ್ಮ ಪಟ್ಟಿಯಲ್ಲಿ ನೀವು ಹೇಳಿದ ಹೆಸರು ಇಲ್ಲದಿದ್ದರೆ ಇಲ್ಲ ಅಂದುಬಿಡುತ್ತಾರೆ. ಹೆಸರಿನ ಬದಲು ಕೆಲಸ ಹೇಳಿ: ನಾನು ಇಲ್ಲದಾಗ ಅವರ ಹತ್ತಿರ ಇದ್ದು ನೋಡಿಕೊಳ್ಳುವ ವ್ಯವಸ್ಥೆ ಬೇಕು.

‘ಒಳ್ಳೆಯ ದಿನ’ದ ಸಮಸ್ಯೆ

ಎಲ್ಲ ಯೋಜನೆಗಳೂ ಒಂದು ಪರಿಶೀಲನೆಯ ಮೇಲೆ ನಿಂತಿವೆ. ಯಾರೋ ಒಬ್ಬರು ಮನೆಗೆ ಬಂದು, ಅಥವಾ ಫೋನಿನಲ್ಲಿ, ಎಷ್ಟು ಸಹಾಯ ಬೇಕು ಎಂದು ಅಂಕ ಹಾಕುತ್ತಾರೆ. ನನ್ನ ಪ್ರಕಾರ ಅತಿ ಹೆಚ್ಚು ಕುಟುಂಬಗಳು ಸೋಲುವುದು ಇಲ್ಲಿ.

ಕಾರಣ ಸರಳ. ಹೊರಗಿನವರು ಬಂದಾಗ ಕಾಯಿಲೆಯವರು ಚುರುಕಾಗುತ್ತಾರೆ. ಡಿಮೆನ್ಷಿಯಾ ಇರುವವರೂ ಅರ್ಧ ಗಂಟೆ ಚೆನ್ನಾಗಿ ಮಾತಾಡಿಬಿಡುತ್ತಾರೆ. ‘ಸ್ನಾನ ನೀವೇ ಮಾಡುತ್ತೀರಾ’ ಅಂದರೆ ‘ಹೂಂ, ಮತ್ತೆ’ ಅನ್ನುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿಗೆ ಗಂಡನ ಎದುರು ‘ಇಲ್ಲ, ಸ್ನಾನ ಮಾಡಿಸುವುದು ನಾನು’ ಅನ್ನಲು ಮನಸ್ಸು ಬರುವುದಿಲ್ಲ. ಅವರ ಮರ್ಯಾದೆ ಉಳಿಸಲು ಸುಮ್ಮನಿರುತ್ತಾರೆ. ಮನೆಯನ್ನೂ ಒಪ್ಪ ಮಾಡಿಟ್ಟಿರುತ್ತಾರೆ. ಬಂದವರು ಕಂಡದ್ದನ್ನು ಬರೆದುಕೊಂಡು ಹೋಗುತ್ತಾರೆ: ಸಹಾಯ ಹೆಚ್ಚು ಬೇಕಿಲ್ಲ. ರಾತ್ರಿ ಹಲವು ಸಲ ಎದ್ದದ್ದು ಯಾವ ಕಾಗದದಲ್ಲೂ ಇಲ್ಲ.

ಇದಕ್ಕೆ ಮದ್ದು ಇದೆ. ಪರಿಶೀಲನೆಗೆ ಒಂದೆರಡು ವಾರ ಮೊದಲಿಂದ ನಡೆದದ್ದನ್ನು ಬರೆದಿಡಿ. ಎಷ್ಟು ಹೊತ್ತಿಗೆ ಎದ್ದರು, ಎಲ್ಲಿ ಬಿದ್ದರು, ಬಟ್ಟೆ ಎಷ್ಟು ಸಲ ಬದಲಿಸಿದಿರಿ, ಯಾವ ಮಾತ್ರೆ ಬೇಡ ಅಂದರು, ಬಾಗಿಲು ತೆಗೆದು ಹೊರಗೆ ಹೋದರಾ. ಚಂದದ ಭಾಷೆ ಬೇಡ, ದಿನಾಂಕ ಮತ್ತು ಹೊತ್ತು ಇದ್ದರೆ ಸಾಕು. ಕಾಯಿಲೆಯವರ ಎದುರು ಹೇಳಲಾಗದ್ದನ್ನು ಹೇಳಲು ಬೇರೆಯಾಗಿ ಹತ್ತು ನಿಮಿಷ ಕೊಡಿ ಎಂದು ಮೊದಲೇ ಕೇಳಿಕೊಳ್ಳಿ. ತೀರಾ ಕೆಟ್ಟ ದಿನ ಹೇಗಿರುತ್ತದೆ, ಅಂಥ ದಿನ ವಾರಕ್ಕೆ ಎಷ್ಟು ಬರುತ್ತವೆ ಎಂದು ಹೇಳಿ. ಇದು ದೂರು ಹೇಳುವುದಲ್ಲ, ಮರ್ಯಾದೆ ತೆಗೆಯುವುದೂ ಅಲ್ಲ. ಅವರಿಗೆ ಸಿಗಬೇಕಾದ ಸೇವೆ ಸರಿಯಾಗಿ ಸಿಗಲು ಇರುವ ದಾರಿ ಇದೊಂದೇ.

ನಿಮ್ಮ ಬಗ್ಗೆ ಕೇಳಿದಾಗ ‘ಹೇಗೋ ಆಗುತ್ತದೆ’ ಅನ್ನಬೇಡಿ. ಆ ಎರಡು ಪದಗಳ ಎದುರು ಅಧಿಕಾರಿ ಬರೆದುಕೊಳ್ಳುವುದು ‘ಮನೆಯವರು ನಿಭಾಯಿಸುತ್ತಿದ್ದಾರೆ’ ಎಂದು. ನಿಮ್ಮ ಬೆನ್ನು ನೋವು, ಬಿಟ್ಟ ಕೆಲಸ, ಮುಂದೂಡಿದ ಆಪರೇಷನ್, ನಿದ್ದೆ ಇಲ್ಲದ್ದು, ಎಲ್ಲವನ್ನೂ ಹೇಳಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್ಮನವಿಗೆ ಕೊನೆಯ ದಿನ ಯಾವುದು ಎಂದು ಅದೇ ಹೊತ್ತಿನಲ್ಲಿ ಕೇಳಿ. ಬಾಯಿಮಾತಿನ ‘ಇಲ್ಲ’ಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಮಂಜೂರಾದ ಮೇಲೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ಹಣ ಮಂಜೂರಾದರೂ ಬರುವ ಜನ ಸಿಗದೇ ಹೋಗಬಹುದು. ಆರೈಕೆ ಕೆಲಸದವರ ಕೊರತೆ ಎಲ್ಲ ಕಡೆ ಇದೆ. ಕೆಲಸ ಕಷ್ಟದ್ದು, ಸಂಬಳ ಕಡಿಮೆ. ಏಜೆನ್ಸಿಗಳು ಇಂತಿಷ್ಟು ಗಂಟೆಗಿಂತ ಕಡಿಮೆಗೆ ಜನ ಕಳಿಸುವುದಿಲ್ಲ. ಆರೈಕೆ ಮನೆಗಳಿಗೆ ಕಾಯಂ ಇರುವವರಿಂದ ಬರುವ ಆದಾಯ ನಿಶ್ಚಿತ, ಆದ್ದರಿಂದ ಕೆಲವೇ ದಿನಕ್ಕೆಂದು ಹಾಸಿಗೆ ಖಾಲಿ ಇಡಲು ಅವು ಒಪ್ಪುವುದು ಕಷ್ಟ. ಮೂಗಿನ ನಳಿಕೆ, ಉಸಿರಾಟದ ಯಂತ್ರ, ಹೊಡೆಯುವ ಕಚ್ಚುವ ವರ್ತನೆ ಇದ್ದರಂತೂ ಅನೇಕರು ಹಿಂದೆ ಸರಿಯುತ್ತಾರೆ. ಯಾರಿಗೆ ಬಿಡುವು ಅತಿ ಹೆಚ್ಚು ಬೇಕೋ ಅವರಿಗೇ ಅದು ಅತಿ ಕಷ್ಟದಲ್ಲಿ ಸಿಗುತ್ತದೆ. ಇದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಕೆಲವು ಯೋಜನೆಗಳಲ್ಲಿ ಹಣವನ್ನು ಕುಟುಂಬದ ಕೈಗೇ ಕೊಟ್ಟು, ನಿಮಗೆ ಗೊತ್ತಿರುವವರನ್ನೇ ನೇಮಿಸಿಕೊಳ್ಳಿ ಅನ್ನುತ್ತಾರೆ. ಪರಿಚಯದವರು ಬಂದರೆ ಕಾಯಿಲೆಯವರೂ ಒಪ್ಪುತ್ತಾರೆ, ಹೊತ್ತನ್ನು ನೀವೇ ಹೊಂದಿಸಿಕೊಳ್ಳಬಹುದು. ಆದರೆ ಆಗ ನೀವು ಕೆಲಸ ಕೊಡುವ ಮಾಲೀಕರಾಗುತ್ತೀರಿ. ಸಂಬಳದ ಲೆಕ್ಕ, ತೆರಿಗೆ, ಅವರಿಗೆ ಹುಷಾರಿಲ್ಲದಾಗ ಬದಲಿ, ಎಲ್ಲ ನಿಮ್ಮ ತಲೆಗೆ. ಹತ್ತಿರದ ಸಂಬಂಧಿಕರಿಗೆ ಹಣ ಕೊಡಲು ನಿಯಮ ಬೇರೆ ಇರುತ್ತದೆ. ಜರ್ಮನಿಯಲ್ಲಿ ಹತ್ತಿರದ ನೆಂಟರು ಬದಲಿ ಆರೈಕೆ ಮಾಡಿದರೆ ಪೂರ್ತಿ ಮೊತ್ತ ಸಿಗುವುದಿಲ್ಲ, ಅದಕ್ಕೆ ಬೇರೆ ಮಿತಿ ಇದೆ. ಯಾರನ್ನಾದರೂ ಒಪ್ಪಿಸುವ ಮೊದಲು ಈ ಒಂದು ನಿಯಮವನ್ನು ಕೇಳಿಕೊಳ್ಳಿ.

ಮನೆಯೊಳಗಿನ ತಡೆಯೂ ಇದೆ. ‘ನನ್ನನ್ನು ಎಲ್ಲೋ ಬಿಟ್ಟು ಹೋಗುತ್ತಿದ್ದೀರಿ’ ಎಂದು ಕಾಯಿಲೆಯವರು ಅತ್ತರೆ ಮಂಜೂರಾದ ಎರಡು ವಾರವೂ ಬಳಕೆಯಾಗದೆ ಹೋಗುತ್ತದೆ. ಮೊದಲ ಸಲವೇ ಎರಡು ವಾರ ಬಿಡುವುದು ಇಬ್ಬರಿಗೂ ಕಷ್ಟ. ನೀವು ಮನೆಯಲ್ಲಿರುವಾಗಲೇ ಸಹಾಯಕಿ ಬಂದು ಒಂದೆರಡು ಗಂಟೆ ಕೂರಲಿ. ಆಮೇಲೆ ನೀವು ಹೊರಗೆ ಹೋಗಿ. ಆಮೇಲೆ ಒಂದು ರಾತ್ರಿ. ತಿನ್ನುವ ಹೊತ್ತು, ಭಯ ಪಡುವ ವಿಷಯ, ಸಮಾಧಾನ ಮಾಡುವ ರೀತಿ, ಮಾತ್ರೆಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆದಿಡಿ. ನಿಮಗೇ ಅಪಘಾತವಾಗಿ ತುರ್ತಾಗಿ ಯಾರಾದರೂ ಬರಬೇಕಾದರೆ ಅದೇ ಹಾಳೆ ಕೆಲಸಕ್ಕೆ ಬರುತ್ತದೆ.

ಬಿಡುವಿನಿಂದ ನಿಜವಾಗಿ ಉಪಯೋಗ ಇದೆಯಾ ಎಂದು ಯೋಜನೆ ಮಾಡುವವರು ಕೇಳುತ್ತಾರೆ. ಆಗಿರುವ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಡಿಮೆನ್ಷಿಯಾ ಕುಟುಂಬಗಳ ಬಿಡುವಿನ ಬಗ್ಗೆ ಹುಡುಕಿದಾಗ ಸಿಕ್ಕಿದ್ದು ನಾಲ್ಕೇ ಪ್ರಯೋಗಗಳು. ಅವುಗಳ ಗುಣಮಟ್ಟವೂ ಕಡಿಮೆ ಇತ್ತು, ಸ್ಪಷ್ಟ ಲಾಭ ಕಾಣಲಿಲ್ಲ. ಇದನ್ನು ತೋರಿಸಿ ‘ಪ್ರಯೋಜನ ಇಲ್ಲ’ ಅನ್ನುವುದು ತಪ್ಪು. ಸಾಕ್ಷಿ ತೆಳುವಾಗಿದೆ ಎಂಬುದಷ್ಟೇ ಅದರ ಅರ್ಥ. ಇನ್ನೊಂದು ಕಡೆ, 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. 66ರಿಂದ 96 ವಯಸ್ಸಿನ ಗಂಡ ಹೆಂಡಿರನ್ನು ನಾಲ್ಕು ವರ್ಷ ಗಮನಿಸಿದಾಗ, ಸಂಗಾತಿಯ ಆರೈಕೆ ಮಾಡುತ್ತಾ ಒತ್ತಡ ಅನುಭವಿಸುತ್ತಿದ್ದವರಲ್ಲಿ ಸಾವಿನ ಅಪಾಯ ಆರೈಕೆ ಮಾಡದವರಿಗಿಂತ ಶೇ. 63 ಹೆಚ್ಚಿತ್ತು. ಆರೈಕೆ ಮಾಡಿಯೂ ಒತ್ತಡ ಇಲ್ಲದವರಲ್ಲಿ ಆ ಏರಿಕೆ ಕಾಣಲಿಲ್ಲ. ನನಗೆ ಈ ಎರಡನೇ ಸಾಲು ಮುಖ್ಯ. ಪ್ರೀತಿಯಿಂದ ನೋಡಿಕೊಳ್ಳುವುದು ಮನುಷ್ಯರನ್ನು ಕೊಲ್ಲುವುದಿಲ್ಲ. ಆಸರೆ ಇಲ್ಲದೆ, ಬಿಡುವಿಲ್ಲದೆ ಮಾಡುವುದು ಅಪಾಯಕ್ಕೆ ತಳ್ಳುತ್ತದೆ. ಹಾಗಾಗಿ ಪೂರ್ತಿ ಸುಸ್ತಾದ ಮೇಲೆ ಒಮ್ಮೆ ಕೊಡುವ ವಾರಕ್ಕಿಂತ, ಮೊದಲಿನಿಂದಲೇ ನಿಯಮಿತವಾಗಿ ಸಿಗುವ ಕೆಲವು ಗಂಟೆ ಹೆಚ್ಚು ಬೆಲೆಯದ್ದು ಎಂದು ನಂಬುತ್ತೇನೆ.

ಈ ದಿಕ್ಕಿನಲ್ಲಿ ಈಗ ನೋಡಬೇಕಾದ ಜಾಗ ಸ್ಕಾಟ್ಲೆಂಡ್. ಅಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು ನೋಡಿಕೊಳ್ಳುವವರಿಗೆ ಅವರದೇ ಹೆಸರಲ್ಲಿ ಒಂದು ಬೆಂಬಲ ಯೋಜನೆಯ ಹಕ್ಕು ಕೊಟ್ಟಿತ್ತು. 2025ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ಆರೈಕೆ ಸುಧಾರಣೆ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಸಾಕಷ್ಟು ಬಿಡುವು ಪಡೆಯುವುದನ್ನೂ ಹಕ್ಕಾಗಿ ಸೇರಿಸಿದೆ. ಸ್ಥಳೀಯ ಆಡಳಿತಗಳಿಗೆ ಇದಕ್ಕೆ ಎಷ್ಟು ಹಣ ಬರುತ್ತದೆ, ‘ಸಾಕಷ್ಟು’ ಅಂದರೆ ಎಷ್ಟು ಗಂಟೆ ಎಂದು ನಿಯಮಗಳಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.